ತೂಕದ ಚೀಟಿಯ ಜೊತೆ ಸ್ಕೀಮಾ ಫೈಲನ್ನೂ ಕೇಳಿ ಪಡೆಯಿರಿ

ಮಾನ್ಯ ಸಂಪಾದಕರೇ,

ಕಬ್ಬು ನುರಿಸುವ ಹಂಗಾಮು ಬಂತೆಂದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ತೂಕದ ಮಾತು ಏಳುತ್ತದೆ. ಕಾಟಾ ಸರಿ ಇದೆಯೇ, ಖಾಲಿ ಗಾಡಿಯ ತೂಕ ಸರಿಯಾಗಿ ಕಳೆದಿದ್ದಾರೆಯೇ ಎಂದು ರೈತರು ಕೇಳುತ್ತಾರೆ, ಕೇಳಲೇಬೇಕು. ಆದರೆ ಈಗ ಕಾಟಾ ಎಂದರೆ ಬರೀ ಕಬ್ಬಿಣದ ತೊಲೆಯಲ್ಲ. ಲೋಡ್ ಸೆಲ್ ಎಂಬ ತೂಕದ ಸೆನ್ಸರ್‌ನಿಂದ ಹೊರಟ ಸಂಖ್ಯೆ ಕಂಪ್ಯೂಟರಿಗೆ, ಅಲ್ಲಿಂದ ಸರ್ವರಿಗೆ, ಅಲ್ಲಿಂದ ಮೊಬೈಲಿಗೆ ಹೋಗುತ್ತದೆ. ಆ ದಾರಿಯಲ್ಲಿ ಅದು ಯಾವ ರೂಪದಲ್ಲಿ ಹೋಗುತ್ತದೆ, ಅದನ್ನು ಹೊರಗಿನವರು ಬಿಚ್ಚಿ ನೋಡಬಹುದೇ ಎಂದು ಕೇಳುವವರು ಕಡಿಮೆ. ಮಳೆ ಮಾಪಕ, ಹನಿ ನೀರಾವರಿಯ ಸೆನ್ಸರ್, ಜಲಾಶಯದ ಮಟ್ಟ ತೋರಿಸುವ ಯಂತ್ರ, ಬಸ್ಸಿನ ಜಿಪಿಎಸ್ ಎಲ್ಲಕ್ಕೂ ಇದೇ ಪ್ರಶ್ನೆ ಅನ್ವಯಿಸುತ್ತದೆ. ಇಂಥ ಯಂತ್ರ ಕೊಳ್ಳುವ ಕಾರ್ಖಾನೆ, ಸಹಕಾರ ಸಂಘ, ಪಂಚಾಯ್ತಿಗಳು ಯಂತ್ರದ ಜೊತೆ ಅದರ ಸ್ಕೀಮಾ ಫೈಲನ್ನೂ, ಅಂದರೆ ಯಾವ ಸಂಖ್ಯೆ ಏನನ್ನು ಹೇಳುತ್ತದೆ ಎಂದು ಬರೆದಿಟ್ಟ ಫೈಲನ್ನೂ, ಕರಾರಿನಲ್ಲಿ ಬರೆಸಿ ಪಡೆಯಬೇಕು. ಆ ಫೈಲಿನಿಂದ ದತ್ತಾಂಶ ಓದುವ ಉಚಿತ ಟೂಲ್‌ಗಳನ್ನು ನಮ್ಮ ಎಂಜಿನಿಯರಿಂಗ್ ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳು ಕೈಯಾರೆ ಬಳಸಿ ಕಲಿಯಬೇಕು. ಏಕೆ, ಹೇಗೆ ಎಂಬುದನ್ನು ವಿವರವಾಗಿ ತಿಳಿಸಲು ಈ ಪತ್ರ.

ಸ್ಕೀಮಾ ಎಂದರೆ ಖಾತೆ ಪುಸ್ತಕದ ತಲೆಸಾಲು. ಒಂದನೇ ಕಲಂ ಚೀಟಿ ಸಂಖ್ಯೆ, ಎರಡನೆಯದು ಒಟ್ಟು ತೂಕ, ಮೂರನೆಯದು ನಿವ್ವಳ, ನಾಲ್ಕನೆಯದು ಖಾಲಿ ಗಾಡಿ ಎಂದು ಒಮ್ಮೆ ಬರೆದಿಟ್ಟರೆ ಪ್ರತಿ ಸಾಲಿನಲ್ಲೂ ಮತ್ತೆ ಬರೆಯಬೇಕಿಲ್ಲ. ಹೆಸರು, ಬೆಲೆ ಎರಡನ್ನೂ ಪಠ್ಯವಾಗಿ ಬರೆಯುವ ಜೇಸನ್ ರೂಪದಲ್ಲಿ ಕಳಿಸಿದರೆ ಪ್ರತಿ ಚೀಟಿಯೂ ತನ್ನ ತಲೆಸಾಲನ್ನು ಹೊತ್ತುಕೊಂಡೇ ಹೋಗುತ್ತದೆ. ಚೀಟಿ 10452, ಒಟ್ಟು 27930, ಖಾಲಿ 9480, ನಿವ್ವಳ 18450 ಎಂಬ ನಾಲ್ಕು ಸಂಖ್ಯೆಗಳನ್ನು ಚಿಕ್ಕ ಇಂಗ್ಲಿಷ್ ಹೆಸರುಗಳೊಂದಿಗೆ ಜೇಸನ್‌ನಲ್ಲಿ ಬರೆದರೆ 61 ಬೈಟ್ ಆಗುತ್ತದೆ. ಅದನ್ನೇ, ಹೆಸರು ಬಿಟ್ಟು ಕಲಂ ಸಂಖ್ಯೆ ಮತ್ತು ಬೆಲೆ ಮಾತ್ರ ಕಳಿಸುವ ಪ್ರೋಟೋಬಫ್ ಬೈನರಿಯಲ್ಲಿ ಬರೆದರೆ 14 ಬೈಟ್. ಕಾರ್ಖಾನೆಯ ಬ್ರಾಡ್‌ಬ್ಯಾಂಡಿಗೆ ಈ ಅಂತರ ದೊಡ್ಡದಲ್ಲ. ಹೊಲದಲ್ಲಿ ಸಿಗ್ನಲ್ ಸಿಗದ ಕಡೆ ಲೋರಾವ್ಯಾನ್ ರೇಡಿಯೊ ಬಳಸುವವರಿಗೆ ಮಾತ್ರ ಇದೇ ಎಲ್ಲ. ಭಾರತದ 865 ಮೆಗಾಹರ್ಟ್ಸ್ ಪಟ್ಟಿಯಲ್ಲಿ, ಅತಿ ದೂರ ಮುಟ್ಟುವ ನಿಧಾನದ ವೇಗದಲ್ಲಿ, ಒಂದು ಸಂದೇಶಕ್ಕೆ ಸಿಗುವ ಜಾಗ 51 ಬೈಟ್. 61 ಅದರಲ್ಲಿ ಹಿಡಿಸುವುದಿಲ್ಲ, 14 ಆರಾಮವಾಗಿ ಹಿಡಿಸುತ್ತದೆ.

ಪ್ರೋಟೋಬಫ್ ಗೂಗಲ್ 2008ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ಪದ್ಧತಿ. ಇದು ದೂರದ ವಸ್ತುವೇನಲ್ಲ. ಆಧಾರ್ ದೃಢೀಕರಣದ ತಾಂತ್ರಿಕ ದಾಖಲೆಯಲ್ಲೇ ವ್ಯಕ್ತಿಯ ವಿವರದ ತುಣುಕನ್ನು ಎಕ್ಸ್‌ಎಂಎಲ್ ಅಥವಾ ಪ್ರೋಟೋಬಫ್ ರೂಪದಲ್ಲಿ ಕಳಿಸಲು ಅವಕಾಶವಿದೆ. ಬಸ್ಸುಗಳ ಸದ್ಯದ ಜಾಗ ತಿಳಿಸುವ ಜಿಟಿಎಫ್‌ಎಸ್ ರಿಯಲ್‌ಟೈಮ್ ಇರುವುದೂ ಪ್ರೋಟೋಬಫ್‌ನಲ್ಲೇ.

ಬೈನರಿ ಎಂದ ಕೂಡಲೇ ಕಣ್ಣಿಗೆ ಕಾಣದ್ದು, ಮುಚ್ಚಿಟ್ಟದ್ದು ಎಂಬ ಭಾವನೆ ಬರುತ್ತದೆ. ಮೇಲಿನ ಚೀಟಿಯ ನಿವ್ವಳ ತೂಕದ ಭಾಗವನ್ನಷ್ಟೇ ತೆಗೆದು ನೋಡಿ. ಹದಿನಾರರ ಲೆಕ್ಕದಲ್ಲಿ ಅದು ನಾಲ್ಕು ಬೈಟ್: 18, 92, 90, 01. ಮೊದಲನೆಯ 18 ಎಂದರೆ ನಮ್ಮ ಹತ್ತರ ಲೆಕ್ಕದಲ್ಲಿ 24. ಅದನ್ನು 8ರಿಂದ ಭಾಗಿಸಿದರೆ ಭಾಗಲಬ್ಧ 3, ಶೇಷ 0. ಅಂದರೆ ಮೂರನೇ ಕಲಂ, ಶೇಷ ಸೊನ್ನೆ ಇರುವುದರಿಂದ ಅದು ಪೂರ್ಣಾಂಕ. ಒಂದು ಬೈಟ್ ಎಂದರೆ 0 ಅಥವಾ 1 ಹಿಡಿಯುವ ಎಂಟು ಬಿಟ್. ಉಳಿದ ಮೂರು ಬೈಟ್‌ಗಳಲ್ಲಿ ಮೇಲಿನ ಬಿಟ್ 1 ಇದ್ದರೆ ‘ಇನ್ನೂ ಇದೆ’ ಎಂದು ಅರ್ಥ, ಆ ಬಿಟ್ ತೆಗೆದು ಉಳಿದ ಏಳನ್ನು ಎಣಿಸಬೇಕು. ಮೇಲಿನ ಬಿಟ್‌ನ ಬೆಲೆ 128. 92 ಎಂದರೆ ಹತ್ತರ ಲೆಕ್ಕದಲ್ಲಿ 146, ಅದರಲ್ಲಿ ಉಳಿಯುವುದು 18; 90 ಎಂದರೆ 144, ಅದರಲ್ಲಿ 16; ಕೊನೆಯದರಲ್ಲಿ 1. ಮೊದಲನೆಯದನ್ನು ಹಾಗೇ ಇಟ್ಟು, ಎರಡನೆಯದನ್ನು 128ರಿಂದ, ಮೂರನೆಯದನ್ನು 16384ರಿಂದ ಗುಣಿಸಿ ಕೂಡಿಸಿ: 18, 2048, 16384. ಮೊತ್ತ 18450. ಹತ್ತನೇ ತರಗತಿಯ ಹುಡುಗಿ ಪೆನ್ಸಿಲ್ ಹಿಡಿದು ಮಾಡಬಹುದಾದ ಲೆಕ್ಕ ಇದು.

ಇದನ್ನೇ ಕಂಪ್ಯೂಟರಿನ ಟರ್ಮಿನಲ್‌ನಲ್ಲಿ (ಕಮಾಂಡ್ ಬರೆಯುವ ಕಿಟಕಿ) ಒಂದು ಸಾಲಿನಲ್ಲಿ ಮಾಡಬಹುದು. ಎಕ್ಸ್‌ಎಕ್ಸ್‌ಡಿ ಎಂಬುದು ಹದಿನಾರರ ಲೆಕ್ಕದ ಅಂಕಿಗೂ ಬೈಟಿಗೂ ನಡುವೆ ಬದಲಿಸುವ ಟೂಲ್, ಪ್ರೋಟೋಸಿ ಎಂಬುದು ಪ್ರೋಟೋಬಫ್ ಕಟ್ಟುವ, ಬಿಡಿಸುವ (ಡಿಕೋಡ್ ಮಾಡುವ) ಟೂಲ್. ಪತ್ರಿಕೆಯ ಅನುಕೂಲಕ್ಕಾಗಿ ಕನ್ನಡ ಲಿಪಿಯಲ್ಲಿ ಬರೆಯುತ್ತಿದ್ದೇನೆ, ಕೀಲಿಮಣೆಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಒತ್ತಬೇಕು:

ಎಕೋ 18929001 | ಎಕ್ಸ್‌ಎಕ್ಸ್‌ಡಿ -ಆರ್ -ಪಿ | ಪ್ರೋಟೋಸಿ --ಡಿಕೋಡ್_ರಾ

ಉತ್ತರ ‘3: 18450’ ಎಂದು ಬರುತ್ತದೆ. ಇಲ್ಲಿ ಬಂದದ್ದು 3 ಎಂಬ ಸಂಖ್ಯೆ ಮಾತ್ರ. ಅದು ನಿವ್ವಳವೋ, ಖಾಲಿ ಗಾಡಿಯೋ, ಕಿಲೊ ಲೆಕ್ಕವೋ, ಕ್ವಿಂಟಲ್ ಲೆಕ್ಕವೋ ಬೈಟ್‌ಗಳು ಹೇಳುವುದಿಲ್ಲ. ಹೇಳುವುದು ಸ್ಕೀಮಾ ಫೈಲ್ ಒಂದೇ. ದತ್ತಾಂಶ ಕೊಟ್ಟು ಸ್ಕೀಮಾ ಇಟ್ಟುಕೊಂಡರೆ ಬೀಗ ಹಾಕಿದ ಪೆಟ್ಟಿಗೆ ಕೊಟ್ಟು ಕೀಲಿ ಜೇಬಿಗೆ ಹಾಕಿಕೊಂಡಂತೆ.

ಕಂಪ್ಯೂಟರಿನಲ್ಲಿ ಉಬುಂಟು ಎಂಬ ಉಚಿತ ಕಾರ್ಯವ್ಯವಸ್ಥೆ ಇರುವವರು ‘ಪ್ರೋಟೋಬಫ್-ಕಂಪೈಲರ್’ ಎಂಬ ಪ್ಯಾಕೇಜನ್ನು ಅದರ ಆ್ಯಪ್ಟ್ ಕಮಾಂಡ್ ಮೂಲಕ ಹಾಕಿಕೊಂಡರೆ ಪ್ರೋಟೋಸಿ ಸಿಗುತ್ತದೆ. ಅದರ ಜೊತೆಗೆ ‘ಲಿಬ್‌ಪ್ರೋಟೋಬಫ್-ಡೆವ್’ ಅನ್ನೂ ಹಾಕಿ. ಇಲ್ಲದಿದ್ದರೆ ಸ್ಕೀಮಾದಲ್ಲಿ ಸಮಯದ ಮುದ್ರೆಗಾಗಿ ಟೈಮ್‌ಸ್ಟ್ಯಾಂಪ್ ಫೈಲನ್ನು ಸೇರಿಸಿದ ಕೂಡಲೇ ‘ಫೈಲ್ ಸಿಗಲಿಲ್ಲ’ ಎನ್ನುವ ದೋಷ ಬರುತ್ತದೆ, ವಿದ್ಯಾರ್ಥಿಗಳು ತಮ್ಮ ಸ್ಕೀಮಾದಲ್ಲೇ ತಪ್ಪು ಹುಡುಕುತ್ತ ಕೂರುತ್ತಾರೆ. ಇನ್ನೊಂದು ಮಾತು, ಲ್ಯಾಬ್ ಕಂಪ್ಯೂಟರುಗಳು ಹಳೆಯವು. ಉಬುಂಟು 22.04ರಲ್ಲಿ ಸಿಗುವ ಪ್ರೋಟೋಸಿ 3.12. ಪ್ರೋಟೋಬಫ್‌ನ ಪ್ರೋಟೋ3 ಎಂಬ ವಿಧದ ಸ್ಕೀಮಾದಲ್ಲಿ ‘ಆಪ್ಷನಲ್’ ಪದ (ಅದರ ಉಪಯೋಗ ಮುಂದೆ ಮಳೆಯ ಮಾತಿನಲ್ಲಿ ಬರುತ್ತದೆ) ಬಳಸಲು ಅದಕ್ಕೆ ‘--ಎಕ್ಸ್‌ಪೆರಿಮೆಂಟಲ್_ಅಲೌ_ಪ್ರೋಟೋ3_ಆಪ್ಷನಲ್’ ಎಂಬ ಉದ್ದ ಗುರುತು ಕೊಡಬೇಕು. 3.15ರಿಂದ ಮುಂದೆ ಅದು ಬೇಡ. 24.04ರಲ್ಲಿ 3.21 ಇರುವುದರಿಂದ ಅಲ್ಲಿ ತೊಂದರೆಯಿಲ್ಲ.

ಅಭ್ಯಾಸದ ಕ್ರಮ ಹೀಗಿರಲಿ. ‘ಚೀಟಿ’ ಎಂಬ ಮೆಸೇಜಿಗೆ (ಕಲಂಗಳ ಗುಂಪಿಗೆ) ನಾಲ್ಕು ಕಲಂ ಬರೆದು ಸ್ಕೀಮಾ ಫೈಲ್ ಉಳಿಸಿ. ಇನ್ನೊಂದು ಪಠ್ಯ ಫೈಲಿನಲ್ಲಿ ಕಲಂ ಹೆಸರು, ಎರಡು ಚುಕ್ಕೆ, ಬೆಲೆ ಎಂದು ನಾಲ್ಕು ಸಾಲು ಬರೆಯಿರಿ. ‘--ಎನ್‌ಕೋಡ್=ಚೀಟಿ’ ಎಂದೂ ಸ್ಕೀಮಾ ಫೈಲಿನ ಹೆಸರನ್ನೂ ಪ್ರೋಟೋಸಿಗೆ ಹೇಳಿ ಆ ಪಠ್ಯವನ್ನು ಒಳಕ್ಕೆ ಕೊಟ್ಟರೆ ಬೈನರಿ ಹೊರಬರುತ್ತದೆ. ಎಕ್ಸ್‌ಎಕ್ಸ್‌ಡಿಯಲ್ಲಿ ಅದರ ಬೈಟ್ ನೋಡಿ, ಮೇಲೆ ಹೇಳಿದಂತೆ ಕೈಯಿಂದ ಬಿಡಿಸಿ, ಆಮೇಲೆ ‘--ಡಿಕೋಡ್=ಚೀಟಿ’ ಕೊಟ್ಟು ತಾಳೆ ನೋಡಿ. ಸ್ಕೀಮಾದಲ್ಲಿ ಪ್ಯಾಕೇಜ್ ಹೆಸರು ಬರೆದಿದ್ದರೆ ಡಿಕೋಡ್ ಮುಂದೆ ‘ಕಬ್ಬು.ಚೀಟಿ’ ಎಂದು ಪೂರ್ತಿ ಹೆಸರು ಕೊಡಬೇಕು, ಬರೀ ‘ಚೀಟಿ’ ಎಂದರೆ ಅಂಥ ವಿಧವೇ ಇಲ್ಲ ಎನ್ನುತ್ತದೆ. ಫೈಲ್ ಬೇರೆ ಫೋಲ್ಡರ್‌ನಲ್ಲಿದ್ದರೆ ‘--ಪ್ರೋಟೋ_ಪಾಥ್’ ಮೂಲಕ ಆ ಫೋಲ್ಡರ್ ತೋರಿಸಿ.

ಕಲಂ ಹೆಸರುಗಳನ್ನು ಇಂಗ್ಲಿಷ್ ಅಕ್ಷರ, ಅಂಕಿ, ಅಡಿಗೆರೆಯಲ್ಲೇ ಬರೆಯಬೇಕೆಂಬುದು ಪ್ರೋಟೋಸಿ ನಿಯಮ. ಆದರೆ ಟಿಪ್ಪಣಿ ಸಾಲುಗಳಿಗೆ ಆ ಕಟ್ಟು ಇಲ್ಲ. ಪ್ರತಿ ಕಲಂ ಮೇಲೆ ಎರಡು ಓರೆಗೆರೆ ಹಾಕಿ ಕನ್ನಡದಲ್ಲಿ ‘ಖಾಲಿ ಗಾಡಿಯ ತೂಕ, ಕಿಲೊಗ್ರಾಂ, ಕಬ್ಬು ಇಳಿಸಿದ ಮೇಲೆ ತೂಗಿದ್ದು’ ಎಂದು ಬರೆಯಬಹುದು, ಬರೆಯಬೇಕು. ಸಂಘದ ಕಾರ್ಯದರ್ಶಿ ಓದಿ ತಿಳಿಯಬೇಕಾದ ಕಾಗದ ಅದು.

ತಪ್ಪುಗಳ ವಿಷಯಕ್ಕೆ ಬರುತ್ತೇನೆ. ಇಲ್ಲಿ ಬರುವ ದೊಡ್ಡ ತಪ್ಪುಗಳು ಯಾವ ದೋಷ ಸಂದೇಶವನ್ನೂ ಕೊಡುವುದಿಲ್ಲ. ಕಳಿಸುವ ಕಡೆ ತೂಕದ ಕಲಂ ವಿಧವನ್ನು ‘ಯುಇಂಟ್32’ (ಋಣವಿಲ್ಲದ ಪೂರ್ಣಾಂಕ) ಎಂದೂ ಓದುವ ಕಡೆ ‘ಎಸ್‌ಇಂಟ್32’ (ಋಣವೂ ಇರಬಹುದಾದ ಪೂರ್ಣಾಂಕ) ಎಂದೂ ಬರೆದುಕೊಂಡಿದ್ದಾರೆ ಎಂದುಕೊಳ್ಳಿ. ಒಂದೇ ಅಕ್ಷರದ ವ್ಯತ್ಯಾಸ. ಎರಡನೆಯದು ಋಣ ಸಂಖ್ಯೆಗಳಿಗಾಗಿ ಅಂಕುಡೊಂಕು ಎಣಿಕೆ ಬಳಸುತ್ತದೆ: ಬೈಟ್‌ನಲ್ಲಿ 0, 1, 2, 3, 4 ಎಂದಿದ್ದರೆ 0, -1, 1, -2, 2 ಎಂದು ಓದುತ್ತದೆ. ಆದ್ದರಿಂದ 18450 ಎಂದು ಕಳಿಸಿದ್ದು ಓದುವ ಕಡೆ 9225 ಆಗುತ್ತದೆ. ಸರಿಯಾಗಿ ಅರ್ಧ! ತೂಕ ಬೆಸ ಸಂಖ್ಯೆಯಾಗಿ 18451 ಇದ್ದರೆ -9226 ಎಂದು ಋಣವಾಗುತ್ತದೆ. ಕಾಟಾಗಳು 5 ಅಥವಾ 10 ಕಿಲೊ ಹೆಜ್ಜೆಯಲ್ಲಿ ತೋರಿಸುವುದುಂಟು. 10ರ ಹೆಜ್ಜೆಯಾದರೆ ಬೆಸ ಸಂಖ್ಯೆ ಬರುವುದೇ ಇಲ್ಲ, ಋಣ ಚಿಹ್ನೆ ಕಂಡು ಯಾರಾದರೂ ಹೌಹಾರುವ ಸಾಧ್ಯತೆಯೂ ಇಲ್ಲ, ಎಲ್ಲ ಚೀಟಿಗಳೂ ಸದ್ದಿಲ್ಲದೆ ಅರ್ಧಕ್ಕೆ ಇಳಿಯುತ್ತವೆ. ಕಚ್ಚಾ ಡಿಕೋಡ್ (ಡಿಕೋಡ್_ರಾ) 18450 ತೋರಿಸಿ ಅಪ್ಲಿಕೇಷನ್ 9225 ತೋರಿಸಿದರೆ ತಪ್ಪು ಇಲ್ಲೇ ಇದೆ ಎಂದು ತಕ್ಷಣ ಹಿಡಿಯಬಹುದು.

ಇದಕ್ಕಿಂತ ಹೆಚ್ಚು ಸಲ ಆಗುವುದು ಕಲಂ ಸಂಖ್ಯೆಯನ್ನು ಮರುಬಳಕೆ ಮಾಡುವ ತಪ್ಪು. ನಿವ್ವಳವನ್ನು ಕಳಿಸುವುದು ಬೇಡ, ಒಟ್ಟಿನಲ್ಲಿ ಖಾಲಿ ಕಳೆದರೆ ಸಿಗುತ್ತದಲ್ಲ ಎಂದು ಒಬ್ಬರು ಮೂರನೇ ಕಲಂ ಅಳಿಸುತ್ತಾರೆ. ಸಂಖ್ಯೆಗಳು ಸಾಲಾಗಿ ಚೆಂದ ಕಾಣಲಿ ಎಂದು ಖಾಲಿ ಗಾಡಿಯನ್ನು ನಾಲ್ಕರಿಂದ ಮೂರಕ್ಕೆ ತರುತ್ತಾರೆ. ಹಳೆಯ ಆ್ಯಪ್ ಇನ್ನೂ ರೈತರ ಮೊಬೈಲಿನಲ್ಲಿ ಇದೆ. ಅದಕ್ಕೆ ಮೂರು ಎಂದರೆ ನಿವ್ವಳ. 18,450 ಕಿಲೊ ಕಬ್ಬು ಹಾಕಿದವರಿಗೆ 9,480 ಎಂದು ಕಾಣುತ್ತದೆ. ಯಾರೂ ಮೋಸ ಮಾಡಿಲ್ಲ, ಆದರೂ ಮೋಸವಾದಂತೆಯೇ. ಇದಕ್ಕೆ ಮದ್ದು ಸ್ಕೀಮಾದಲ್ಲೇ ಇದೆ. ಕಲಂ ತೆಗೆದ ಜಾಗದಲ್ಲಿ ‘ರಿಸರ್ವ್ಡ್ 3’ ಎಂದು ಬರೆಯಿರಿ, ಹಳೆಯ ಹೆಸರನ್ನೂ ರಿಸರ್ವ್ಡ್ ಸಾಲಿಗೆ ಹಾಕಿ. ಮುಂದೆ ಯಾರಾದರೂ 3ನ್ನು ಮತ್ತೆ ಹಚ್ಚಲು ಹೋದರೆ ಪ್ರೋಟೋಸಿ ಒಪ್ಪುವುದಿಲ್ಲ. ಸಂಖ್ಯೆಗಳಿಗೇನೂ ಬರವಿಲ್ಲ, 19000ದಿಂದ 19999ರವರೆಗಿನದನ್ನು ಬಿಟ್ಟರೆ 53 ಕೋಟಿಗೂ ಮಿಕ್ಕಿ ಇವೆ. 1ರಿಂದ 15ರವರೆಗಿನವು ಒಂದೇ ಬೈಟಿನ ಟ್ಯಾಗ್‌ನಲ್ಲಿ (ಬೆಲೆಯ ಮೊದಲು ಬರುವ ಕಲಂ ಗುರುತು) ಮುಗಿಯುವುದರಿಂದ ಅವನ್ನು ಪದೇ ಪದೇ ಬರುವ ಕಲಂಗಳಿಗೆ ಇಟ್ಟುಕೊಳ್ಳಿ.

ಮನುಷ್ಯನ ನೆನಪನ್ನು ಇದಕ್ಕೆ ನಂಬಿ ಕೂರಬಾರದು. ‘ಬಫ್’ ಎಂಬ ಇನ್ನೊಂದು ಕಮಾಂಡ್ ಲೈನ್ ಟೂಲ್ ಇದೆ. ‘ಬಫ್ ಬ್ರೇಕಿಂಗ್’ ಎಂದು ಕೊಟ್ಟು ‘--ಅಗೇನ್ಸ್ಟ್’ ಮುಂದೆ ಫೈಲುಗಳ ಹಳೆಯ ಆವೃತ್ತಿ ಕಾದಿಡುವ ಗಿಟ್‌ನಲ್ಲಿರುವ ಹಿಂದಿನ ಆವೃತ್ತಿಯನ್ನು ತೋರಿಸಿದರೆ ಎರಡನ್ನೂ ಹೋಲಿಸಿ, ಯಾವ ಸಾಲು ಹಳೆಯ ಓದುಗರನ್ನು ಮುರಿಯುತ್ತದೆ ಎಂದು ಹೇಳುತ್ತದೆ. ಅದರಲ್ಲಿ ನಿಯಮಗಳ ನಾಲ್ಕು ಗುಂಪು: ಫೈಲ್, ಪ್ಯಾಕೇಜ್, ವೈರ್_ಜೇಸನ್, ವೈರ್. ಏನೂ ಹೇಳದಿದ್ದರೆ ಅತಿ ಕಟ್ಟುನಿಟ್ಟಿನ ಫೈಲ್ ಗುಂಪೇ ಜಾರಿಯಲ್ಲಿರುತ್ತದೆ. ಅದು ರಿಸರ್ವ್ಡ್ ಮಾಡಿ ತೆಗೆದ ಕಲಂಗೂ ತಕರಾರು ಮಾಡುತ್ತದೆ. ಯಂತ್ರಗಳ ನಡುವೆ ಬೈನರಿ ಮಾತ್ರ ಓಡಾಡುವ ಕಡೆ ವೈರ್ ಗುಂಪು ಸಾಕು. ಯುಇಂಟ್32 ಅನ್ನು ಎಸ್‌ಇಂಟ್32 ಮಾಡಿದರೆ ವೈರ್ ಗುಂಪೂ ಹಿಡಿಯುತ್ತದೆ. ಆದರೆ ಕಿಲೊ ಬದಲು ಕ್ವಿಂಟಲ್ ಕಳಿಸಲು ಶುರು ಮಾಡಿದರೆ ಯಾವ ಟೂಲೂ ಹಿಡಿಯದು, ಏಕೆಂದರೆ ವಿಧವೂ ಸಂಖ್ಯೆಯೂ ಬದಲಾಗಿಲ್ಲ. ಅದಕ್ಕೇ ಮಾಪನವನ್ನು ಕಲಂ ಹೆಸರಿನಲ್ಲೇ ಸೇರಿಸಿ, ಮಾಪನ ಬದಲಾದರೆ ಹೊಸ ಕಲಂಗೆ ಹೊಸ ಸಂಖ್ಯೆ ಕೊಡಿ.

ನಮ್ಮ ಜಲಾಶಯಗಳ ಪಟ್ಟಿಯಲ್ಲೇ ಇದು ಕಾಣುತ್ತದೆ. ಆಲಮಟ್ಟಿಯ ಪೂರ್ಣ ಮಟ್ಟ 519.60 ಮೀಟರ್ ಎನ್ನುತ್ತೇವೆ, ಹಿಡಕಲ್‌ಗೆ 2175 ಅಡಿ ಎನ್ನುತ್ತೇವೆ, ನವಿಲುತೀರ್ಥಕ್ಕೆ 2079.50 ಅಡಿ. ‘ಮಟ್ಟ’ ಎಂಬ ಒಂದೇ ಕಲಂನಲ್ಲಿ ಮೂರನ್ನೂ ತುಂಬಿದರೆ ಅನಾಹುತ. ಆಲಮಟ್ಟಿಯ ಸಂಖ್ಯೆಯಲ್ಲಿ ಇನ್ನೂ ಸೂಕ್ಷ್ಮವಾದ ಪೇಚಿದೆ. ದಶಮಾಂಶವಿದೆ ಎಂದು ಕಲಂಗೆ ‘ಫ್ಲೋಟ್’ ವಿಧ ಕೊಟ್ಟರೆ 32 ಬಿಟ್‌ಗಳಲ್ಲಿ 519.60 ಸರಿಯಾಗಿ ಕೂರುವುದಿಲ್ಲ, ಅದಕ್ಕೆ ಅತಿ ಹತ್ತಿರದ 519.5999756 ಕೂರುತ್ತದೆ. ಡಿಕೋಡ್ ಮಾಡಿದಾಗ ಪರದೆ ಮೇಲೆ 519.6 ಎಂದೇ ಕಾಣುತ್ತದೆ. ಆದರೆ ಎಚ್ಚರಿಕೆ ಕೊಡುವ ಪ್ರೋಗ್ರಾಂನಲ್ಲಿ ‘ಮಟ್ಟ 519.60 ಅಥವಾ ಹೆಚ್ಚಾದರೆ’ ಎಂದು 64 ಬಿಟ್ ಸಂಖ್ಯೆಯೊಡನೆ ಹೋಲಿಸಿದರೆ ನೀರು ಅಂಚು ಮುಟ್ಟಿದ್ದರೂ ಷರತ್ತು ಸುಳ್ಳಾಗುತ್ತದೆ. ಮಿಲಿಮೀಟರಿನಲ್ಲಿ 519600 ಎಂದು ಪೂರ್ಣಾಂಕವಾಗಿ ಕಳಿಸಿ. ಫ್ಲೋಟ್‌ಗೆ ಬೇಕಾಗುವ 4 ಬೈಟ್ ಬದಲು 3 ಬೈಟ್ ಸಾಕು, ಹೋಲಿಕೆಯೂ ತಪ್ಪುವುದಿಲ್ಲ. ದುಡ್ಡನ್ನು ಪೈಸೆಯಲ್ಲಿ, ಸಕ್ಕರೆ ಇಳುವರಿ 10.25 ಇದ್ದರೆ ನೂರು ಪಟ್ಟು ಮಾಡಿ 1025 ಎಂದು ಕಳಿಸುವುದೂ ಇದೇ ಕಾರಣಕ್ಕೆ.

ಮಳೆಯ ವಿಷಯದಲ್ಲಿ ಸೊನ್ನೆಯೇ ಸಮಸ್ಯೆ. ಪ್ರೋಟೋ3ರಲ್ಲಿ ಸಾಮಾನ್ಯ ಕಲಂ ಬೆಲೆ 0 ಇದ್ದರೆ ಅದನ್ನು ಕಳಿಸುವುದೇ ಇಲ್ಲ, ಓದುವ ಕಡೆ ಕಲಂ ಬಾರದಿದ್ದರೆ 0 ಎಂದು ತಿಳಿಯುತ್ತದೆ. ಹಾಗಾಗಿ ‘ಇವತ್ತು ಮಳೆ ಬಿದ್ದಿಲ್ಲ’ ಮತ್ತು ‘ಮಾಪಕ ಕೆಟ್ಟು ಓದಲಾಗಲಿಲ್ಲ’ ಎರಡೂ ಒಂದೇ ಆಗುತ್ತವೆ. ಬರ ಘೋಷಣೆ, ಬೆಳೆ ವಿಮೆ ಎಲ್ಲವೂ ಮಳೆ ಅಂಕಿ ಮೇಲೆ ನಿಂತಿರುವ ಇಂಡಿ, ಸಿಂದಗಿ, ಹುನಗುಂದದ ಕಡೆಯವರಿಗೆ ಈ ಎರಡರ ನಡುವಿನ ಅಂತರ ವಿವರಿಸಬೇಕಿಲ್ಲ. ಕಲಂ ಮುಂದೆ ‘ಆಪ್ಷನಲ್’ ಎಂದು ಬರೆದರೆ ಸೊನ್ನೆಯೂ ಎರಡು ಬೈಟಾಗಿ ಹೋಗುತ್ತದೆ, ಬಾರದ್ದು ಬಾರದ್ದಾಗಿಯೇ ಕಾಣುತ್ತದೆ. ಅಳತೆಯ ಪ್ರತಿ ಕಲಂಗೂ ಇದು ಇರಲಿ.

ಜಿಲ್ಲೆ, ತಾಲ್ಲೂಕುಗಳಿಗೆ ‘ಈನಮ್’ (ಪ್ರತಿ ಹೆಸರಿಗೂ ಒಂದು ಸಂಖ್ಯೆ ಕೊಡುವ) ಪಟ್ಟಿ ಮಾಡುವಾಗಲೂ ಸೊನ್ನೆ ನೆನಪಿರಲಿ. ಮೊದಲ ಬೆಲೆ 0 ಇರಲೇಬೇಕು. ಅದನ್ನು ಬೆಳಗಾವಿಗೆ ಕೊಟ್ಟರೆ ಜಿಲ್ಲೆ ತುಂಬದ ಎಲ್ಲ ಚೀಟಿಗಳೂ ಬೆಳಗಾವಿಯ ಲೆಕ್ಕಕ್ಕೆ ಬೀಳುತ್ತವೆ. 0 ಎಂದರೆ ‘ನಮೂದಿಸಿಲ್ಲ’, 1 ಬೆಳಗಾವಿ, 2 ಬಾಗಲಕೋಟೆ, 3 ವಿಜಯಪುರ ಎಂದಿರಲಿ. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು, ಬೆಳಗಾಂ ಬೆಳಗಾವಿಯಾಯಿತು. ಹೆಸರು ಬರೆದಿಟ್ಟ ಕಡತಗಳಲ್ಲೆಲ್ಲ ಎರಡೆರಡು ಜಿಲ್ಲೆಗಳಾದಂತೆ ಆಯಿತು. ಬೈನರಿಯಲ್ಲಿ ಹೋಗುವುದು ಸಂಖ್ಯೆಯಾದ್ದರಿಂದ ಸ್ಕೀಮಾದಲ್ಲಿ ಹೆಸರು ತಿದ್ದಿದರೆ ಹಳೆಯ ಕಡತವೂ ಹೊಸ ಹೆಸರಿನಲ್ಲೇ ಓದಿಸಿಕೊಳ್ಳುತ್ತದೆ. ಮುಂದೆ ಚಿಕ್ಕೋಡಿಯೋ ಗೋಕಾಕವೋ ಜಿಲ್ಲೆಯಾದರೆ 4, 5 ಕೊಡಿ, 1ನ್ನು ಮುಟ್ಟಬೇಡಿ.

ಊರ ಹೆಸರನ್ನು ಅಕ್ಷರದಲ್ಲೇ ಕಳಿಸಬೇಕಾದರೆ ಕನ್ನಡದ ಗಾತ್ರ ಲೆಕ್ಕಕ್ಕಿರಲಿ. ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಸ್ವರ ಚಿಹ್ನೆಗೂ 3 ಬೈಟ್. ‘ಬೆಳಗಾವಿ’ 21, ‘ಬಾಗಲಕೋಟೆ’ 24. ‘ಕೋ’ದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಅಲ್ಲದೆ ಮೂರು ತುಂಡಾಗಿ ಬರೆಯುವ ವಿಧಾನವೂ ಯೂನಿಕೋಡ್‌ನಲ್ಲಿದೆ. ಹಾಗೆ ಬಂದರೆ ಬಾಗಲಕೋಟೆ 30 ಬೈಟ್ ಆಗುತ್ತದೆ, ಕಣ್ಣಿಗೆ ಒಂದೇ ಥರ ಕಂಡರೂ ಯಂತ್ರಕ್ಕೆ ಬೇರೆ ಊರು. ಇನ್ನು ಪ್ರೋಟೋಸಿ ಡಿಕೋಡ್ ಮಾಡಿದಾಗ ಕನ್ನಡ ಕನ್ನಡವಾಗಿ ಕಾಣುವುದಿಲ್ಲ. ‘ಬ’ ಅಕ್ಷರ \340\262\254 ಎಂದು ಕಾಣುತ್ತದೆ. ದತ್ತಾಂಶ ಕೆಟ್ಟಿತೆಂದು ಗಾಬರಿಯಾಗಬೇಡಿ. \340\262 ಅಥವಾ \340\263 ಎಂದು ಸಾಲುಸಾಲಾಗಿ ಶುರುವಾದರೆ ಅದು ಕನ್ನಡವೇ, ಎಂಟರ ಲೆಕ್ಕದಲ್ಲಿ ಬರೆದಿದೆ ಅಷ್ಟೇ. ಟರ್ಮಿನಲ್‌ನಲ್ಲಿ ಬ್ಯಾಷ್‌ನ ಪ್ರಿಂಟ್‌ಎಫ್ ಕಮಾಂಡಿಗೆ ಕೊಟ್ಟರೆ ಅಕ್ಷರವಾಗಿ ಬರುತ್ತದೆ.

ಫೈಲ್ ಸಾಗಿಸುವಾಗ ಆಗುವ ಹಾನಿ ಬೇರೆ ಥರದ್ದು. ಮೊದಲ ಕಲಂ ಅಕ್ಷರಮಾಲೆಯಾಗಿದ್ದರೆ (ಹೆಸರಿನಂಥ ಪಠ್ಯ) ಅದರ ಟ್ಯಾಗ್ ಬೈಟ್ ಹತ್ತರ ಲೆಕ್ಕದಲ್ಲಿ 10. ಕಂಪ್ಯೂಟರಿಗೆ 10 ಎಂದರೆ ‘ಹೊಸ ಸಾಲು’ ಚಿಹ್ನೆಯೂ ಹೌದು. ಫೈಲ್ ಸಾಗಿಸುವ ಎಫ್‌ಟಿಪಿಯನ್ನು ಪಠ್ಯ ವಿಧಾನದಲ್ಲಿ ಇಟ್ಟು ಕಳಿಸಿದರೆ ವಿಂಡೋಸ್ ಕಡೆ ಪ್ರತಿ 10ರ ಮುಂದೆ ಒಂದು 13 ಸೇರಿಕೊಂಡು ಇಡೀ ಫೈಲ್ ಹಾಳಾಗುತ್ತದೆ. ಬೈನರಿ ವಿಧಾನವನ್ನೇ ಆರಿಸಿ, ಗಿಟ್‌ನಲ್ಲೂ ಆ ಫೈಲುಗಳನ್ನು ಬೈನರಿ ಎಂದು ಗುರುತಿಸಿ. ವಿಂಡೋಸ್‌ನ ಹಳೆಯ ಕಮಾಂಡ್ ಕಿಟಕಿ ಪವರ್‌ಶೆಲ್ 5.1ರಲ್ಲಿ ಬಾಣದ ಗುರುತಿನಿಂದ (>) ಫೈಲಿಗೆ ಬರೆಸಿದರೆ ಅದು ಯುಟಿಎಫ್-16 ಪಠ್ಯವಾಗಿ ಮಾರ್ಪಡುತ್ತದೆ, ಒಳಬಾಣವಂತೂ (<) ಅಲ್ಲಿ ನಡೆಯುವುದೇ ಇಲ್ಲ. ಪ್ರೋಟೋಸಿ ‘ಫೇಲ್ಡ್ ಟು ಪಾರ್ಸ್ ಇನ್‌ಪುಟ್’ ಎಂದರೆ ಮೊದಲು ಇದನ್ನೇ ಅನುಮಾನಿಸಿ. ಹಳೆಯ ಕಮಾಂಡ್ ಪ್ರಾಂಪ್ಟ್ ಅಥವಾ ಗಿಟ್ ಬ್ಯಾಷ್ ಬಳಸಿದರೆ ಈ ತಾಪತ್ರಯವಿಲ್ಲ.

ದಿನದ ಚೀಟಿಗಳನ್ನೆಲ್ಲ ಒಂದೇ ಫೈಲಿಗೆ ಒಂದರ ಹಿಂದೊಂದು ಸೇರಿಸುವವರು ಇದ್ದಾರೆ. ಪ್ರೋಟೋಬಫ್ ಸಂದೇಶಕ್ಕೆ ತನ್ನದೇ ಕೊನೆಯ ಗುರುತು ಇಲ್ಲ. 400 ಚೀಟಿ ಸೇರಿಸಿ ಡಿಕೋಡ್ ಮಾಡಿದರೆ ಒಂದೇ ಚೀಟಿ ಬರುತ್ತದೆ, ಕೊನೆಯ ಗಾಡಿಯದ್ದು. ಉಳಿದ 399ರ ಬೈಟ್ ಫೈಲಿನಲ್ಲೇ ಇರುತ್ತವೆ, ಡಿಕೋಡ್_ರಾ ಕೊಟ್ಟರೆ ಅವೆಲ್ಲ ಸಾಲಾಗಿ ಕಾಣುತ್ತವೆ. ಹಾಗಾಗಿ ಕಳೆದುಹೋಯಿತೆಂದು ಫೈಲ್ ಅಳಿಸಬೇಡಿ. ಮುಂದಕ್ಕೆ ಪ್ರತಿ ಚೀಟಿಯ ಮೊದಲು ಅದರ ಉದ್ದ ಬರೆಯಿರಿ, ಅಥವಾ ಚೀಟಿಗಳ ಪಟ್ಟಿಯನ್ನೇ ಹಿಡಿದಿಡುವ ಹೊರ ಮೆಸೇಜ್ ಮಾಡಿ.

ವೇಳೆಯ ಒಂದು ಮಾತು. ಟೈಮ್‌ಸ್ಟ್ಯಾಂಪ್ ಇರುವುದು ಜಾಗತಿಕ ವೇಳೆಯಲ್ಲಿ, ನಮಗಿಂತ ಐದೂವರೆ ತಾಸು ಹಿಂದೆ. ಕಬ್ಬಿನ ಗಾಡಿಗಳು ರಾತ್ರಿಯೆಲ್ಲ ಪಾಳಿ ಕಾಯುತ್ತವೆ. ನಸುಕಿನ 2 ಗಂಟೆಗೆ ತೂಗಿದ ಗಾಡಿ ಅಲ್ಲಿ ಹಿಂದಿನ ದಿನದ ರಾತ್ರಿ 8.30 ಎಂದು ದಾಖಲಾಗಿರುತ್ತದೆ. ತಾರೀಖು ಕತ್ತರಿಸುವ ಮೊದಲು ಐದೂವರೆ ತಾಸು ಕೂಡಿಸದಿದ್ದರೆ ಮಧ್ಯರಾತ್ರಿಯಿಂದ ಬೆಳಗಿನ 5.30ರವರೆಗಿನ ಚೀಟಿಗಳೆಲ್ಲ ನಿನ್ನೆಯ ಲೆಕ್ಕಕ್ಕೆ ಹೋಗುತ್ತವೆ.

ಪ್ರೋಟೋಬಫ್ ಒಂದೇ ದಾರಿ ಎಂದು ನಾನು ಹೇಳುತ್ತಿಲ್ಲ. ಇಡೀ ಹಂಗಾಮಿನ ದಾಖಲೆಯನ್ನು ವರ್ಷಗಟ್ಟಲೆ ಕಾದಿಡಲು ಅಪಾಚೆ ಆವ್ರೊ ಎಂಬ ಇನ್ನೊಂದು ಬೈನರಿ ಪದ್ಧತಿ ಹೆಚ್ಚು ಯೋಗ್ಯ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ, ಏಕೆಂದರೆ ಆವ್ರೊ ಫೈಲಿನ ತಲೆಯಲ್ಲೇ ಸ್ಕೀಮಾ ಬರೆದಿರುತ್ತದೆ. ಆವ್ರೊ-ಟೂಲ್ಸ್ ಎಂಬ ಜಾರ್ ಫೈಲನ್ನು ಜಾವಾದಲ್ಲಿ ಓಡಿಸಿ ‘ಗೆಟ್‌ಸ್ಕೀಮಾ’ ಎಂದರೆ ಸ್ಕೀಮಾ, ‘ಟುಜೇಸನ್’ ಎಂದರೆ ಸಾಲುಗಳು ಹೊರಬರುತ್ತವೆ. ಹತ್ತು ವರ್ಷದ ಮೇಲೆ ಪೆನ್‌ಡ್ರೈವ್ ಸಿಕ್ಕವರು ಯಾರನ್ನೂ ಕೇಳದೆ ಓದಬಹುದು. ಇಂಥ ಇನ್ನೆರಡು ಪದ್ಧತಿಗಳಾದ ಗೂಗಲ್‌ನದೇ ಫ್ಲ್ಯಾಟ್‌ಬಫರ್ಸ್‌ಗೆ ‘ಫ್ಲ್ಯಾಟ್‌ಸಿ’, ಕ್ಯಾಪ್‌ನ್ ಪ್ರೋಟೋಗೆ ‘ಕ್ಯಾಪ್‌ಎನ್‌ಪಿ’ ಎಂಬ ಟೂಲ್‌ಗಳಿವೆ. ಬಿಡಿಸದೆಯೇ ನೇರ ಓದುವ ವೇಗ ಬೇಕಾದ ಕಡೆ ಅವು ಹಿತ. ಸಣ್ಣ ಚಿಪ್ಪುಗಳಿಗೆ ನ್ಯಾನೋಪಿಬಿ ಎಂಬ ಪುಟ್ಟ ಪ್ರೋಟೋಬಫ್ ಲೈಬ್ರರಿ ಇದೆ, ಅದರಲ್ಲಿ ಅಕ್ಷರಮಾಲೆಗಳ ಗರಿಷ್ಠ ಉದ್ದವನ್ನು ಆಪ್ಷನ್ಸ್ ಫೈಲಿನಲ್ಲಿ ಬರೆಯಲು ಮರೆತರೆ ಅವು ಕಾಲ್‌ಬ್ಯಾಕ್ (ಓದಿ ಬರೆಯುವ ಕೋಡನ್ನು ನಾವೇ ಬರೆದು ಕೊಡಬೇಕಾದದ್ದು) ಆಗಿ ಕಾಡುತ್ತವೆ. ದಿನಕ್ಕೊಂದು ಪುಟದ ಮಾರುಕಟ್ಟೆ ದರಪಟ್ಟಿಗೆ ಮಾತ್ರ ಇವ್ಯಾವುದೂ ಬೇಡ, ಅಲ್ಪವಿರಾಮದಿಂದ ಬೇರ್ಪಡಿಸಿದ ಪಠ್ಯವಾದ ಸಿಎಸ್‌ವಿ ಸಾಕು.

ನಿಜವಾದ ದತ್ತಾಂಶದ ಮೇಲೆ ಕೈ ಪಳಗಿಸಬೇಕೆನ್ನುವ ವಿದ್ಯಾರ್ಥಿಗಳಿಗೆ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯ, ಪ್ರೋಟೋಬಫ್ ಬಳಸಿ ಬರೆದ ಪಿಬಿಎಫ್ ಫೈಲ್ ಉಚಿತವಾಗಿ ಸಿಗುತ್ತದೆ. ನೇರ ಡಿಕೋಡ್ ಮಾಡಿದರೆ ಸೋಲುತ್ತೀರಿ. ಅದರ ಮೊದಲ 4 ಬೈಟ್ ಪ್ರೋಟೋಬಫ್ ಅಲ್ಲ, ಮುಂದಿನ ತುಂಡಿನ ಉದ್ದ, ದೊಡ್ಡ ಅಂಕಿ ಮೊದಲು ಬರೆದದ್ದು. ಆ 4 ಬಿಟ್ಟು, ಅಷ್ಟು ಉದ್ದವನ್ನು ಮಾತ್ರ ಕತ್ತರಿಸಿ ಡಿಕೋಡ್_ರಾಗೆ ಕೊಟ್ಟರೆ ಒಂದನೇ ಕಲಂನಲ್ಲಿ ‘ಓಎಸ್‌ಎಂಹೆಡರ್’ ಎಂಬ ಪದ, ಮೂರನೇ ಕಲಂನಲ್ಲಿ ಅದರ ನಂತರದ ತುಂಡಿನ ಗಾತ್ರ ಕಾಣುತ್ತದೆ. ಒಳಗಿನ ತುಂಡು ಸಾಮಾನ್ಯವಾಗಿ ಜಿಲಿಬ್ ಎಂಬ ಪದ್ಧತಿಯಲ್ಲಿ ಅದುಮಿಟ್ಟದ್ದು, ಅದನ್ನು ಹಿಗ್ಗಿಸಿ ಮುಂದೆ ಹೋಗಬೇಕು. ಒಂದು ಮಧ್ಯಾಹ್ನದ ಲ್ಯಾಬ್‌ಗೆ ಸರಿಹೋಗುವ ಕೆಲಸ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಇರುವುದು ಬೆಳಗಾವಿಯಲ್ಲೇ. ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆಯೂ ಅಲ್ಲೇ ಇದೆ. ಎರಡೂ ಕಡೆಯವರು ಸೇರಿ ತೂಕದ ಚೀಟಿಗೆ ಒಂದು ಸಾಮಾನ್ಯ ಸ್ಕೀಮಾ ಬರೆದರೆ ಪ್ರತಿ ಕಾರ್ಖಾನೆಯೂ ತನ್ನದೇ ಹೊಸದನ್ನು ಹೊಸೆಯಬೇಕಿಲ್ಲ.

ಯಂತ್ರ ಕೊಳ್ಳುವವರು ಕರಾರಿನಲ್ಲಿ ಬರೆಸಬೇಕಾದದ್ದು ಇಷ್ಟು. ಸ್ಕೀಮಾ ಫೈಲನ್ನು ಕನ್ನಡ ಟಿಪ್ಪಣಿ ಸಹಿತ ಕೊಡಬೇಕು, ಬದಲಾದಾಗಲೆಲ್ಲ ಹಳೆಯ ಆವೃತ್ತಿಗಳನ್ನೂ ಇಟ್ಟಿರಬೇಕು. ಬದಲಿಸುವ ಮೊದಲು ಬಫ್ ಬ್ರೇಕಿಂಗ್ ಪರೀಕ್ಷೆಯ ಫಲಿತಾಂಶ ತೋರಿಸಬೇಕು. ಯಂತ್ರದಿಂದ ಹೊರಟ ಮೂಲ ಬೈಟ್‌ಗಳನ್ನು ಹಾಗೇ ಕಾದಿಟ್ಟು, ಅವುಗಳ ಶಾ-256 ಮೊತ್ತವನ್ನು (ಒಂದು ಬೈಟ್ ಬದಲಾದರೂ ಬದಲಾಗುವ, ಬೆರಳಚ್ಚಿನಂಥ ಸಂಖ್ಯೆ) ಚೀಟಿ ಮೇಲೆ ಮುದ್ರಿಸಬೇಕು. ಬಿಡಿಸಿ ಮತ್ತೆ ಕಟ್ಟಿದ ಬೈಟ್‌ಗಳ ಮೊತ್ತ ತೆಗೆಯಬಾರದು, ಅದೇ ದತ್ತಾಂಶವನ್ನು ಬೇರೆ ಆವೃತ್ತಿಯ ಲೈಬ್ರರಿ ಬೇರೆ ಕ್ರಮದಲ್ಲಿ ಕಟ್ಟಬಹುದು, ಆಗ ಮೊತ್ತ ಕೂಡದೆ ಸುಮ್ಮನೆ ಜಗಳವಾಗುತ್ತದೆ. ಹಣ ಪಾವತಿಸುವ ಮೊದಲು ಯಂತ್ರದವರನ್ನು ಕೂರಿಸಿಕೊಂಡು ಅಂದಿನ ಯಾವುದಾದರೂ ಹತ್ತು ಚೀಟಿ ಆರಿಸಿ. ಅವರ ಕಂಪ್ಯೂಟರಿನಲ್ಲಲ್ಲ, ಸಂಘದ ಕಂಪ್ಯೂಟರಿನಲ್ಲಿ, ಅವರು ಕೊಟ್ಟ ಸ್ಕೀಮಾ ಮತ್ತು ಪ್ರೋಟೋಸಿ ಎರಡನ್ನೇ ಬಳಸಿ ಡಿಕೋಡ್ ಮಾಡಿಸಿ, ಬಂದ ಒಟ್ಟು, ಖಾಲಿ, ನಿವ್ವಳ ಮೂರನ್ನೂ ಕಾಗದದ ಚೀಟಿಯೊಡನೆ ರೈತರ ಎದುರೇ ತಾಳೆ ಹಾಕಿ ನೋಡಿ. ಹತ್ತರಲ್ಲಿ ಒಂದು ತಾಳೆಯಾಗದಿದ್ದರೂ ಯಂತ್ರವನ್ನು ಒಪ್ಪಿಕೊಳ್ಳಬೇಡಿ.

ಇಂತಿ,
ತಮ್ಮ ಓದುಗ
ನವನಗರ, ಬಾಗಲಕೋಟೆ